ಸ್ಮ್ಯಾಶ್‌ಗಿಂತ ಮೊದಲು ಬಸ್ಸಿನ ಟೈಮು

ಸೋತು ಸುಣ್ಣವಾದ ಕಾಲೇಜು ವಾಲಿಬಾಲ್ ತಂಡಕ್ಕೆ ಹೊಸ ಕೋಚ್ ಬಂದರು ಅಂದುಕೊಳ್ಳಿ. ಸ್ಟಾಫ್ ರೂಮಿನಿಂದ ಕ್ಯಾಂಟೀನ್‌ವರೆಗೆ ಎಲ್ಲರ ಪ್ರಶ್ನೆ ಒಂದೇ: "ಸರ್, ಒಳ್ಳೆ ಸ್ಮ್ಯಾಶರ್ ಯಾರಾದ್ರೂ ಸಿಕ್ಕಿದ್ರಾ?"

ದಾಂಡೇಲಿ, ಹಳಿಯಾಳ, ಜೋಯಿಡಾ, ಮುಂಡಗೋಡ ಕಡೆ ಈ ಪ್ರಶ್ನೆ ಕೇಳಿದರೆ ನಗು ಬರಬೇಕು. ಸ್ಮ್ಯಾಶರ್‌ಗಳಿಗೆ ಅಲ್ಲಿ ಬರವೇ ಇಲ್ಲ. ಮಳೆ ನಿಂತು ಗದ್ದೆ ಒಣಗಿದರೆ ಸಾಕು, ಊರೂರಲ್ಲಿ ಹೊನಲು ಬೆಳಕಿನ ಪಂದ್ಯಾವಳಿ ಶುರು. ಬರಿಗಾಲಲ್ಲೇ ನೆಟ್‌ನ ಮೇಲಕ್ಕೆ ಎದ್ದು ಚೆಂಡನ್ನು ನೆಲಕ್ಕೆ ಬಡಿಯುವ ಹುಡುಗರನ್ನು ನೋಡಲು ರಾತ್ರಿ ಹನ್ನೆರಡಾದರೂ ಜನ ಕದಲುವುದಿಲ್ಲ.

ಅದೇ ಹುಡುಗರು ಕಾಲೇಜಿನ ಜೆರ್ಸಿ ಹಾಕಿಕೊಂಡು ಅಂತರ ಕಾಲೇಜು ಟೂರ್ನಿಗೆ ಹೋದರೆ ಮೊದಲ ಸುತ್ತಿನಲ್ಲೇ ಗಂಟುಮೂಟೆ ಕಟ್ಟಬೇಕಾಗುತ್ತದೆ. ಯಾಕೆ?

ನನ್ನ ಉತ್ತರ ಸರಳ. ಆ ಸೀಮೆಯಲ್ಲಿ ಪ್ರತಿಭೆ ಯಾವತ್ತೂ ಕಡಿಮೆಯಾಗಿಲ್ಲ. ಕಡಿಮೆಯಾಗಿರುವುದು ಅದರ ಹಿಂದೆ ನಿಲ್ಲುವ ವ್ಯವಸ್ಥೆ. ಇದು ಬರೀ ಊಹೆಯಲ್ಲ. ಇದೇ ಕಾಡಿನ ಮಕ್ಕಳ ಮೇಲೆ ಒಮ್ಮೆ ದೊಡ್ಡ ಪ್ರಯೋಗವೇ ನಡೆದಿತ್ತು. ಅದು ವಾಲಿಬಾಲ್ ಅಲ್ಲ, ಓಟ. ಆದರೂ ಹೊಸ ಕೋಚ್ ಯಾರೇ ಆಗಲಿ, ಮೊದಲು ಓದಬೇಕಾದ ಪಾಠ ಅದು.

1987ರಲ್ಲಿ ನಡೆದದ್ದು

ಉತ್ತರ ಕನ್ನಡದ ಹಳಿಯಾಳ, ಮುಂಡಗೋಡ, ಯಲ್ಲಾಪುರ, ಜೋಯಿಡಾ ಭಾಗದಲ್ಲಿ ಸಿದ್ದಿ ಸಮುದಾಯ ಇದೆ. ಶತಮಾನಗಳ ಹಿಂದೆ ಆಫ್ರಿಕಾದಿಂದ ಬಂದವರ, ಅವರಲ್ಲಿ ಗುಲಾಮರಾಗಿ ತರಲ್ಪಟ್ಟವರೇ ಹೆಚ್ಚು, ಅಂಥವರ ವಂಶಸ್ಥರು. ಮನೆಯಲ್ಲಿ ಕೊಂಕಣಿ, ಪೇಟೆಯಲ್ಲಿ ಕನ್ನಡ, ಕೆಲವರಿಗೆ ಮರಾಠಿಯೂ ಬರುತ್ತದೆ.

1987ರಲ್ಲಿ ಭಾರತೀಯ ಕ್ರೀಡಾ ಪ್ರಾಧಿಕಾರ ತನ್ನ ವಿಶೇಷ ಪ್ರದೇಶ ಕ್ರೀಡಾ ಯೋಜನೆಯಡಿ ಸಿದ್ದಿ ಮಕ್ಕಳನ್ನು ಆರಿಸಿ ತರಬೇತಿ ಕೊಡಲು ಶುರುಮಾಡಿತು. ಆಗ ಕೇಂದ್ರದಲ್ಲಿ ಕ್ರೀಡಾ ಖಾತೆ ನೋಡಿಕೊಳ್ಳುತ್ತಿದ್ದವರು ನಮ್ಮ ರಾಜ್ಯದವರೇ ಆದ ಮಾರ್ಗರೆಟ್ ಆಳ್ವ. ಯೋಜನೆಯ ಹಿಂದಿದ್ದ ತರ್ಕ ಹೀಗೆ: ಆಫ್ರಿಕಾದವರು ಒಲಿಂಪಿಕ್ಸ್‌ನಲ್ಲಿ ಓಡಿ ಗೆಲ್ಲುತ್ತಾರೆ, ಇವರ ಮೂಲವೂ ಆಫ್ರಿಕಾ, ಹಾಗಾದರೆ ಇವರೂ ಗೆಲ್ಲುತ್ತಾರೆ.

ಫಲ ಬರಲಿಲ್ಲ ಅನ್ನುವ ಹಾಗಿಲ್ಲ. ಕೆಲವೇ ವರ್ಷಗಳಲ್ಲಿ ಕಮಲಾ ಸಿದ್ದಿ, ಜೂಜೆ ಜಾಕಿ ಹರ್ನೋಡ್ಕರ್ ಅವರಂಥ ಅಥ್ಲೀಟ್‌ಗಳು ರಾಷ್ಟ್ರಮಟ್ಟದಲ್ಲಿ ಹೆಸರು ಮಾಡಿದರು. ಆದರೆ 1993ಕ್ಕೆ ಯೋಜನೆಯೇ ನಿಂತುಹೋಯಿತು. ಕೆಲವರಿಗೆ ಕ್ರೀಡಾ ಕೋಟಾದಲ್ಲಿ ಸರ್ಕಾರಿ ನೌಕರಿ ಸಿಕ್ಕಿತು. ಉಳಿದ ಅನೇಕರು ಬಂದ ದಾರಿಯಲ್ಲೇ ಊರಿಗೆ ವಾಪಸ್ಸು ಹೋದರು, ಕೂಲಿಗೆ, ಗದ್ದೆಗೆ.

"ನೌಕರಿ ಸಿಕ್ಕ ತಕ್ಷಣ ಓಡೋದೇ ಬಿಟ್ಟರು" ಅಂತ ದೂರಿದವರಿದ್ದಾರೆ. ಇದ್ದರೆ ಏನು ತಪ್ಪು ಹೇಳಿ? ಮನೆಯಲ್ಲಿ ತಿಂಗಳಿಗೊಂದು ಸಂಬಳ ಅನ್ನುವುದನ್ನೇ ಕಾಣದ ಹುಡುಗನಿಗೆ ನೌಕರಿಯೇ ಪದಕ. ತಿಂಗಳ ಕೊನೆಗೆ ಬ್ಯಾಂಕಿನ ಮೆಸೇಜಿಗೆ ಕಾಯುವ ನಮಗೆ ನಿಮಗೆ ಇದು ಅರ್ಥವಾಗದ ವಿಷಯವೇನಲ್ಲ.

ನನಗೆ ಕಾಡುವುದು ಬೇರೆ. "ಇವರಿಗೆ ಅದು ರಕ್ತದಲ್ಲೇ ಬಂದಿದೆ" ಅಂತ ನಂಬಿದ ಕೂಡಲೇ ಉಳಿದ ಪ್ರಶ್ನೆಗಳೆಲ್ಲ ಹಿಂದೆ ಸರಿಯುತ್ತವೆ. ಊಟ ಏನು? ಮನೆ ಬಿಟ್ಟು ಬಂದ ಮಗು ರಾತ್ರಿ ಅತ್ತರೆ ಯಾರು ಕೇಳುತ್ತಾರೆ? ಗಾಯವಾದರೆ? ಈ ಯೋಜನೆ ನಿಂತರೆ ಊರಲ್ಲಿ ಯಾರು ಮುಂದುವರಿಸುತ್ತಾರೆ? ರಕ್ತ ಅಲ್ಲೇ ಇತ್ತು, 1993ರ ನಂತರವೂ ಇತ್ತು. ಪದಕ ಮಾತ್ರ ನಿಂತುಹೋಯಿತು.

ಎರಡು ದಶಕಗಳ ಮೇಲೆ ನಿತೀಶ್ ಚಿನಿವಾರ್ ಅವರ ಬ್ರಿಡ್ಜಸ್ ಆಫ್ ಸ್ಪೋರ್ಟ್ಸ್ ಸಂಸ್ಥೆ ಮುಂಡಗೋಡದಲ್ಲಿ ಮತ್ತೆ ಅಥ್ಲೆಟಿಕ್ಸ್ ಕಟ್ಟಲು ಹೊರಟಿತು. ಈ ಸಲ ಮಕ್ಕಳು ಇರುವ ಜಾಗಕ್ಕೇ ತರಬೇತಿ ಹೋಯಿತು. ವ್ಯತ್ಯಾಸ ಸಣ್ಣದಾಗಿ ಕಾಣಬಹುದು. ಆದರೆ ಕೋಚ್ ಊರಲ್ಲೇ ಇದ್ದರೆ ಹುಡುಗಿ ಎರಡು ದಿನ ಯಾಕೆ ಬರಲಿಲ್ಲ ಅಂತ ಮೂರನೇ ದಿನ ಅವಳ ಮನೆಯಲ್ಲೇ ಕೂತು ಕೇಳಬಹುದು. ದೂರದ ಹಾಸ್ಟೆಲ್‌ನಿಂದ ಅದಾಗುವುದಿಲ್ಲ.

ಕುಸ್ತಿ ಮಾತ್ರ ಯಾಕೆ ನಿಂತಿಲ್ಲ?

ಅದೇ ಸೀಮೆಯಲ್ಲಿ ಒಂದು ಆಟ ನಿಲ್ಲದೆ ನಡೆದಿದೆ. ಹಳಿಯಾಳದ ಕುಸ್ತಿ.

ಅಲ್ಲಿ ಗರಡಿಮನೆಯ ಪರಂಪರೆ ಇದೆ. ಕುಸ್ತಿಗೆಂದೇ ಸರ್ಕಾರಿ ಕ್ರೀಡಾ ವಸತಿ ನಿಲಯ ಇದೆ. ಜಾತ್ರೆ ಬಂತೆಂದರೆ ಕಣ, ಕಣದ ಸುತ್ತ ಜನ. ಅಜ್ಜ ಆಡಿದ ಪಟ್ಟನ್ನು ಮೊಮ್ಮಗನಿಗೆ ಹೇಳಿಕೊಡುವ ಹಿರಿಯರು ಕಟ್ಟೆ ಮೇಲೆ ಕೂತಿರುತ್ತಾರೆ. ಒಬ್ಬ ಉಸ್ತಾದ್ ಹೋದರೆ ಇನ್ನೊಬ್ಬರು ಮಣ್ಣಿಗಿಳಿಯುತ್ತಾರೆ. ಲೀನಾ ಸಿದ್ದಿಯಂಥ ಹುಡುಗಿಯರೂ ಅಲ್ಲಿಂದಲೇ ಬೆಳೆದು ಬಂದರು.

ಒಂದೇ ತಾಲ್ಲೂಕು, ಒಂದೇ ಜನ, ಒಂದೇ ಮಳೆ. ಒಂದು ಆಟಕ್ಕೆ ಆರು ವರ್ಷದ ಯೋಜನೆ ಇತ್ತು, ಇನ್ನೊಂದಕ್ಕೆ ಊರೇ ಇತ್ತು. ಯಾವುದು ಉಳಿಯಿತು ನೋಡಿ.

ಹೊಸ ವಾಲಿಬಾಲ್ ಕೋಚ್ ಹಳಿಯಾಳದಲ್ಲಿದ್ದರೆ ಮೊದಲ ವಾರ ಒಂದು ಸಂಜೆ ಗರಡಿಮನೆಗೆ ಹೋಗಿ ಸುಮ್ಮನೆ ಕೂರಬೇಕು. ಪಟ್ಟು ಕಲಿಯಲಿಕ್ಕಲ್ಲ. ಹುಡುಗರು ದಿನಾ ಹೇಗೆ ಬರುತ್ತಾರೆ, ಯಾರು ಬಾಗಿಲು ತೆಗೆಯುತ್ತಾರೆ, ಯಾರು ಮಣ್ಣು ಹದ ಮಾಡುತ್ತಾರೆ, ಚಿಕ್ಕವರನ್ನು ಯಾರು ನೋಡಿಕೊಳ್ಳುತ್ತಾರೆ ಅನ್ನುವುದನ್ನು ನೋಡಲಿಕ್ಕೆ.

ಗಿರಣಿ ಹುಡುಗಿಯರ ರಿಸೀವ್

ಈಗ ಸ್ವಲ್ಪ ದೂರ ಹೋಗೋಣ. ದಾಂಡೇಲಿ ಅಂದರೆ ಪೇಪರ್ ಮಿಲ್. 1955ರಲ್ಲಿ ಸ್ಥಾಪನೆಯಾದ ವೆಸ್ಟ್ ಕೋಸ್ಟ್ ಪೇಪರ್ ಮಿಲ್ಸ್ ಸುತ್ತಲೇ ಊರು ಬೆಳೆಯಿತು. ಅದೇ 1950ರ ದಶಕದಲ್ಲಿ ಜಪಾನಿನ ಒಸಾಕಾ ಹತ್ತಿರದ ಕೈಜುಕಾ ಎಂಬಲ್ಲಿ ನಿಚಿಬೋ ಕಂಪನಿಯ ನೂಲಿನ ಗಿರಣಿಯಲ್ಲಿ ಹಿರೋಬುಮಿ ದೈಮಾತ್ಸು ಎಂಬ ಕೋಚ್ ಕೆಲಸದ ಹುಡುಗಿಯರನ್ನು ಸೇರಿಸಿ ವಾಲಿಬಾಲ್ ತಂಡ ಕಟ್ಟಿದರು.

ಎದುರಾಳಿ ಸೋವಿಯತ್ ಆಟಗಾರ್ತಿಯರು ಎತ್ತರದವರು, ಬಲಶಾಲಿಗಳು. ಸ್ಮ್ಯಾಶ್‌ನಲ್ಲಿ ಅವರನ್ನು ಮೀರಿಸುವುದು ಕಷ್ಟ. ಹಾಗಾಗಿ ದೈಮಾತ್ಸು ರಿಸೀವ್ ಹಿಡಿದರು. ನೆಲಕ್ಕೆ ಬಿದ್ದು ಚೆಂಡೆತ್ತಿ, ಉರುಳಿ, ಅದೇ ಉಸಿರಿನಲ್ಲಿ ಎದ್ದು ನಿಲ್ಲುವ ಹೊಸ ವಿಧಾನವನ್ನೇ ಕಲಿಸಿದರು. 1962ರಲ್ಲಿ ಆ ಹುಡುಗಿಯರು ವಿಶ್ವ ಚಾಂಪಿಯನ್ ಆದರು. 1964ರಲ್ಲಿ ಟೋಕಿಯೊದಲ್ಲಿ ವಾಲಿಬಾಲ್ ಮೊದಲ ಬಾರಿಗೆ ಒಲಿಂಪಿಕ್ಸ್‌ಗೆ ಬಂದಾಗ ಚಿನ್ನವೂ ಅವರದೇ, ಸೋತದ್ದು ಸೋವಿಯತ್ ತಂಡ.

ದೈಮಾತ್ಸು ಅವರ ತರಬೇತಿ ತೀರಾ ಕಠಿಣ. ಹಗಲು ಕೆಲಸ, ನಡುರಾತ್ರಿವರೆಗೆ ಅಭ್ಯಾಸ. ಅವರ ಕಾಲದಲ್ಲೇ ಟೀಕೆ ಬಂದಿತ್ತು. ಅದನ್ನು ನಕಲು ಮಾಡುವುದು ಬೇಡ. ಆದರೆ ಮೊದಲ ಚೆಂಡು ಸರಿಯಾಗಿ ಎದ್ದರೆ ಉಳಿದದ್ದು ತಾನಾಗಿ ಬರುತ್ತದೆ ಅನ್ನುವ ಅವರ ಲೆಕ್ಕ ಇಂದಿಗೂ ಸುಳ್ಳಾಗಿಲ್ಲ.

ಯಾಕೆಂದರೆ ಈಗಿನ ನಿಯಮದಲ್ಲಿ ಪ್ರತಿ ರ‍್ಯಾಲಿಗೂ ಪಾಯಿಂಟ್. ಸೆಟ್ಟಿಗೆ 25. ಸರ್ವ್ ನೆಟ್ ದಾಟದಿದ್ದರೂ ಎದುರಾಳಿಗೆ ಪಾಯಿಂಟ್, ರಿಸೀವ್ ಆಚೆ ಹಾರಿದರೂ ಪಾಯಿಂಟ್. ಒಂದು ಕಾಲೇಜು ಮ್ಯಾಚು ನೋಡುವಾಗ ಕಾಗದದ ಮೇಲೆ ಗೀಟು ಹಾಕುತ್ತಾ ಹೋಗಿ. ಎದುರಾಳಿ ಗಳಿಸಿದ್ದೆಷ್ಟು, ನಮ್ಮವರು ಕೊಟ್ಟದ್ದೆಷ್ಟು? ಸ್ಮ್ಯಾಶರ್‌ನ ಬಗ್ಗೆ ಕೇಳುವ ಪ್ರಶ್ನೆ ಅಲ್ಲೇ ಸುಮ್ಮನಾಗುತ್ತದೆ. ಲಿಫ್ಟರ್‌ಗೆ ಚೆಂಡೇ ತಲುಪದಿದ್ದರೆ ಸ್ಮ್ಯಾಶರ್ ಏನು ಮಾಡಿಯಾನು?

ಮೊದಲ ವರ್ಷದ ಕೆಲಸ

ಹಾಗಾದರೆ ಈ ನಾಲ್ಕು ತಾಲ್ಲೂಕುಗಳ ಯಾವುದೋ ಕಾಲೇಜಿಗೆ ಬಂದ ಹೊಸ ಪಿ.ಡಿ. ಸರ್ ಅಥವಾ ಮೇಡಂ ಮೊದಲ ವರ್ಷ ಏನು ಮಾಡಬೇಕು? ನನ್ನ ಪಟ್ಟಿ ಇದು.

ಮೊದಲನೆಯದು ಬಸ್ಸು. ನಗಬೇಡಿ. ಜೋಯಿಡಾದಲ್ಲಿ ಊರುಗಳು ಕಾಡಿನೊಳಗೆ ದೂರ ದೂರ. ಕಾಳಿ ಹುಲಿ ಅಭಯಾರಣ್ಯದ ಅಂಚು, ಸೂಪಾ ಹಿನ್ನೀರಿನ ಬಳಸುದಾರಿ. ಸಂಜೆ ನಾಲ್ಕೂವರೆಗೆ ಕ್ಲಾಸು ಮುಗಿದು ಪ್ರಾಕ್ಟೀಸ್ ಶುರುವಾಗುವ ಹೊತ್ತಿಗೆ ಒಬ್ಬ ಹುಡುಗ ಬ್ಯಾಗ್ ಹೆಗಲಿಗೇರಿಸಿ ನಿಂತಿರುತ್ತಾನೆ. "ಸರ್, ಈ ಬಸ್ ತಪ್ಪಿದ್ರ ಮತ್ತ ಬಸ್ಸಿಲ್ರಿ." ಅವನನ್ನು ಸೋಮಾರಿ ಅಂದರೆ ಮುಗಿಯಿತು, ನಾಳೆಯಿಂದ ಬರುವುದಿಲ್ಲ. ಅದರ ಬದಲು ಪ್ರಾಂಶುಪಾಲರ ಹತ್ತಿರ ಕೂತು ಪ್ರಾಕ್ಟೀಸನ್ನು ಬೆಳಿಗ್ಗೆಗೆ ಅಥವಾ ಮಧ್ಯಾಹ್ನದ ಬಿಡುವಿಗೆ ತರಬಹುದು. ಸಾರಿಗೆ ಡಿಪೋಗೆ ಕಾಲೇಜಿನ ಲೆಟರ್‌ಹೆಡ್‌ನಲ್ಲಿ ಒಂದು ಪತ್ರ ಬರೆಯಬಹುದು. 2023ರ ಜೂನ್‌ನಿಂದ ಶಕ್ತಿ ಯೋಜನೆಯಲ್ಲಿ ಹುಡುಗಿಯರಿಗೆ ಟಿಕೆಟ್ ಖರ್ಚಿಲ್ಲ, ಸರಿ. ಆದರೆ ಟಿಕೆಟ್ ಉಚಿತವಾದರೂ ಬಸ್ಸೇ ಇಲ್ಲದ ಹೊತ್ತಿಗೆ ಪ್ರಾಕ್ಟೀಸ್ ಇಟ್ಟರೆ ಹುಡುಗಿಯರ ತಂಡ ಕಾಗದದ ಮೇಲೇ ಉಳಿಯುತ್ತದೆ.

ಎರಡನೆಯದು ಮಳೆ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಮಣ್ಣಿನ ಕೋರ್ಟು ಕೆಸರುಗದ್ದೆ. ಹೆಚ್ಚಿನ ತಂಡಗಳು ಅಷ್ಟು ತಿಂಗಳು ರಜೆ ಹಾಕಿದ ಹಾಗೇ. ಆದರೆ ರಿಸೀವ್ ಕಲಿಯಲು 18 ಮೀಟರ್ ಉದ್ದದ ಕೋರ್ಟು ಬೇಕೇ ಬೇಕು ಅಂತಿಲ್ಲ. ಒಂದು ಗೋಡೆ, ಒಂದು ವರಾಂಡ, ಇಬ್ಬರು ಹುಡುಗರು, ಒಂದು ಚೆಂಡು ಸಾಕು. ಮಳೆಗಾಲದ ನಾಲ್ಕು ತಿಂಗಳನ್ನು ಮೊಣಕೈ ನೇರ ಇಡಲು, ಕಾಲು ಮುಂದಿಡಲು ಬಳಸಿಕೊಂಡ ತಂಡಕ್ಕೆ ದೀಪಾವಳಿ ಹೊತ್ತಿಗೆ ಗೊತ್ತಾಗುತ್ತದೆ ತಾವು ಎಷ್ಟು ಮುಂದಿದ್ದೇವೆ ಅಂತ.

ಮೂರನೆಯದು ಹೊಟ್ಟೆ. ಬೆಳಿಗ್ಗೆ ಒಂದು ಚಹಾ ಕುಡಿದು ಬಂದ ಹುಡುಗನಿಂದ ಸಂಜೆ ಐವತ್ತು ಜಂಪ್ ಮಾಡಿಸುವುದು ತರಬೇತಿಯಲ್ಲ, ಶಿಕ್ಷೆ. ಎರಡು ಬಾಳೆಹಣ್ಣು, ಒಂದು ಹಿಡಿ ಶೇಂಗಾ, ಬೆಲ್ಲ. ಇಷ್ಟಕ್ಕೆ ದೊಡ್ಡ ಬಜೆಟ್ ಬೇಡ, ಮನಸ್ಸು ಮಾಡುವ ನಾಲ್ಕು ಜನ ಸಾಕು.

ನಾಲ್ಕನೆಯದು ಪಂದ್ಯ. ವರ್ಷಕ್ಕೊಮ್ಮೆ ಧಾರವಾಡದ ಕರ್ನಾಟಕ ವಿಶ್ವವಿದ್ಯಾಲಯದ ಟೂರ್ನಿಗೆ ಹೋಗಿ ಒಂದೇ ಮ್ಯಾಚು ಸೋತು ಬರುವ ತಂಡ ಕಲಿಯುವುದೇನು? ನಕ್ಷೆ ನೋಡಿ, ದಾಂಡೇಲಿ ಮತ್ತು ಹಳಿಯಾಳ ಅಕ್ಕಪಕ್ಕ. ಜೋಯಿಡಾ ಗೋವಾ ಕಡೆಗೆ, ಮುಂಡಗೋಡ ಹಾನಗಲ್ಲಿನ ಕಡೆಗೆ. ಮೊದಲೆರಡು ಊರಿನವರು ತಿಂಗಳಿಗೊಂದು ಸ್ನೇಹದ ಪಂದ್ಯ ಆಡಬಹುದು, ಉಳಿದಿಬ್ಬರನ್ನು ಆಗಾಗ ಕರೆಯಬಹುದು. ಕಪ್ಪು ಬೇಡ, ಫ್ಲೆಕ್ಸ್ ಬೇಡ, ಮುಖ್ಯ ಅತಿಥಿಗಳ ಭಾಷಣವಂತೂ ಬೇಡವೇ ಬೇಡ.

ಐದನೆಯದು ಒಂದು ನೋಟ್‌ಬುಕ್. ಯಾರು ಬಂದರು, ಯಾರು ಬರಲಿಲ್ಲ, ಯಾಕೆ, ಯಾವ ಹುಡುಗಿಯ ಮಂಡಿ ನೋಯುತ್ತಿದೆ, ಯಾವ ಹುಡುಗನ ಅಪ್ಪನ ಜೊತೆ ಮಾತಾಡಬೇಕು. ಕೋಚ್‌ಗೆ ನಾಳೆ ವರ್ಗಾವಣೆ ಆಗಬಹುದು. ಅತಿಥಿ ಉಪನ್ಯಾಸಕರಾಗಿದ್ದರೆ ಮುಂದಿನ ವರ್ಷ ಇರುತ್ತಾರೋ ಇಲ್ಲವೋ ಅವರಿಗೇ ಗೊತ್ತಿರುವುದಿಲ್ಲ. ಅವರು ಹೋಗುವಾಗ ಆ ನೋಟ್‌ಬುಕ್ ಮುಂದಿನವರ ಕೈಗೆ ಹೋಗಬೇಕು. ಹೋಗದಿದ್ದರೆ ಅದು ಇನ್ನೊಂದು 1993.

ಇದರಲ್ಲಿ ಒಂದಾದರೂ ಸ್ಮ್ಯಾಶ್ ಇದೆಯಾ? ಇಲ್ಲ. ಅದನ್ನು ಆ ಹುಡುಗರು ಗದ್ದೆಯಲ್ಲೇ ಕಲಿತು ಬಂದಿದ್ದಾರೆ.

ನಿಮಗೂ ಒಂದು ಜಾಗ ಇದೆ

ಇದನ್ನು ಮೊಬೈಲಿನಲ್ಲಿ ಓದುತ್ತಿರುವ ನಿಮ್ಮಲ್ಲಿ ಕೆಲವರಾದರೂ ಹಳಿಯಾಳ, ದಾಂಡೇಲಿ ಕಡೆ ಓದಿ ಈಗ ಬೆಂಗಳೂರಿನಲ್ಲೋ ಪುಣೆಯಲ್ಲೋ ಕೆಲಸದಲ್ಲಿದ್ದೀರಿ. ಕಾಲೇಜಿನಲ್ಲಿ ಆಡಿದವರೂ ಇದ್ದೀರಿ. ಹಳೆಯ ತಂಡದ ವಾಟ್ಸಾಪ್ ಗ್ರೂಪು ಇನ್ನೂ ಇದೆ, ಹುಟ್ಟುಹಬ್ಬಕ್ಕೆ ಕೇಕಿನ ಚಿತ್ರ ಹಾಕಲಿಕ್ಕೆ.

ಅದೇ ಗ್ರೂಪಿನಲ್ಲಿ ಒಂದು ಮಾತು ಕೇಳಿ: ನಮ್ಮ ಕಾಲೇಜಿನಲ್ಲಿ ಈಗ ಪಿ.ಡಿ. ಸರ್ ಯಾರು? ನಂಬರು ಹುಡುಕಿ, ಫೋನ್ ಮಾಡಿ. "ಸರ್, ನಾನು ಇಂಥ ಬ್ಯಾಚಿನವನು, ಏನಾದ್ರೂ ಬೇಕಿತ್ತಾ?" ಅಂತ ಕೇಳಿ. ಅವರು ಬಹುಶಃ ದೊಡ್ಡದೇನೂ ಕೇಳುವುದಿಲ್ಲ. ಎರಡು ಚೆಂಡು, ಒಂದು ನೆಟ್ಟು, ಆರು ಜೊತೆ ಶೂ. ನೀವು ಹಬ್ಬಕ್ಕೆ ಊರಿಗೆ ಹೋದಾಗ ಹಳಬರ ತಂಡ ಕಟ್ಟಿ ಅವರ ಹುಡುಗರ ಜೊತೆ ಒಂದು ಮ್ಯಾಚು ಆಡಿದರೆ ಅದೂ ದೊಡ್ಡ ಸಹಾಯವೇ. ಸೋಲುವುದು ನೀವೇ ಅನ್ನುವುದು ಬೇರೆ ಮಾತು.

ಇನ್ನೊಂದು ಕೆಲಸ ನಿಮ್ಮಿಂದಲೇ ಚೆನ್ನಾಗಿ ಆಗುತ್ತದೆ. ಕ್ರೀಡಾ ಕೋಟಾದ ನೇಮಕಾತಿ ಯಾವಾಗ, ಯಾವ ಸರ್ಟಿಫಿಕೇಟು ಬೇಕು, ಯೂನಿವರ್ಸಿಟಿ ಬ್ಲೂ ಆದರೆ ಏನು ಪ್ರಯೋಜನ, ಅರ್ಜಿ ಎಲ್ಲಿ ತುಂಬಬೇಕು ಅನ್ನುವುದು ಆ ಮಕ್ಕಳಲ್ಲಿ ಎಷ್ಟೋ ಜನಕ್ಕೆ ಗೊತ್ತಿಲ್ಲ. ಆಫೀಸಿನಲ್ಲಿ ದಿನವಿಡೀ ಫಾರ್ಮು, ಡೆಡ್‌ಲೈನು ಅಂತ ಒದ್ದಾಡುವ ನಿಮಗೆ ಇದು ಅರ್ಧ ಗಂಟೆಯ ಕೆಲಸ. ಅಲ್ಲಿನ ಒಂದು ಮನೆಗೆ ಅದು ಮೊದಲ ಸಂಬಳವಾಗಬಹುದು.

ಹೊಸ ಕೋಚ್‌ಗೆ ಕಪ್ಪು ತರಲು ಒಂದು ವರ್ಷ ಗಡುವು ಕೊಡುವವರು ಬಹಳ. ಮೂರು ವರ್ಷ ಟೈಮು ಕೊಟ್ಟು, ಜೊತೆಗೆ ಎರಡು ಚೆಂಡನ್ನೂ ಕೊಡುವವರು ಕಡಿಮೆ. ಈ ವಾರ ಆ ಫೋನು ಮಾಡಿ. ಮಾಡಿದ ಮೇಲೆ ಅವರು ಏನು ಕೇಳಿದರು ಅಂತ ನನಗೂ ಬರೆಯಿರಿ.