ಗಲ್ಲೆಯ ಕೀಲಿಕೈ ಯಾರ ಕೈಯಲ್ಲಿ?

ಗೋಕಾಕದ ಕರದಂಟಿನ ಅಂಗಡಿಯಿಂದ ಹಿಡಿದು ಮೂಡಲಗಿ, ಹುಕ್ಕೇರಿಗಳ ಕಾಯಿಪಲ್ಲೆಯ ಸಂತೆಯವರೆಗೆ ಇಂದು ಕ್ಯೂಆರ್ ಚೀಟಿಯು ಗಲ್ಲೆಯ ಸ್ಥಾನವನ್ನು ಪಡೆದಿದೆ. 2016ರಲ್ಲಿ ಆರಂಭವಾದ ಯುಪಿಐ ಪದ್ಧತಿಯು ಚಿಲ್ಲರೆಯ ತೊಡಕನ್ನು ಕಳೆದದ್ದು ಸಂತೋಷದ ಸಂಗತಿಯೇ ಸರಿ. ಆದರೆ ಆ ಚೀಟಿಯ ಹಿಂದಿನ ಖಾತೆ ಯಾರದು, ಮೊಬೈಲ್ ಸಂಖ್ಯೆ ಯಾರದು, ಪಿನ್ ಯಾರಾರಿಗೆ ಗೊತ್ತು ಎಂದು ಕೇಳಿದರೆ ನಮ್ಮ ವರ್ತಕರಲ್ಲಿ ಎಷ್ಟು ಜನ ತಟ್ಟನೆ ಉತ್ತರ ಕೊಡಬಲ್ಲರು?

ತಿಜೋರಿಯ ಕೀಲಿಕೈಯನ್ನು ಮಗನಿಗೂ ಯೋಚಿಸಿ ಕೊಡುವ ಸಾವಕಾರರು ಪಿನ್ನನ್ನು ಅಂಗಡಿಯ ಹುಡುಗನಿಗೆ ಹೇಳಿಬಿಡುವದು ವಿಚಿತ್ರವಲ್ಲವೆ? ಹಣ ಪಡೆಯಲು ಪಿನ್ ಬೇಕಿಲ್ಲ. ಅದು ಹಣವನ್ನು ಹೊರಗೆ ಕಳಿಸುವ ಕೀಲಿ. ಜಮೆಯನ್ನು ನೋಡುವಷ್ಟಕ್ಕೆ ನೌಕರನಿಗೆ ಪ್ರತ್ಯೇಕ ಪ್ರವೇಶ ಕೊಡುವ ಸೌಕರ್ಯವು ಹಲವು ವ್ಯಾಪಾರಿ ಆ್ಯಪ್‌ಗಳಲ್ಲಿದೆ. ಅವನು ಕೆಲಸ ಬಿಟ್ಟ ದಿನವೇ ಅದನ್ನು ರದ್ದು ಮಾಡತಕ್ಕದ್ದು.

2025ರ ಜುಲೈಯಲ್ಲಿ ರಾಜ್ಯದ ವಾಣಿಜ್ಯ ತೆರಿಗೆ ಇಲಾಖೆಯು ಯುಪಿಐ ಜಮೆಯನ್ನು ಹಿಡಿದು ಸಣ್ಣ ವ್ಯಾಪಾರಿಗಳಿಗೆ ನೋಟೀಸು ಕೊಟ್ಟದ್ದನ್ನು ವಾಚಕರು ಬಲ್ಲರು. ಲೆಕ್ಕ ಕೇಳುವ ದಿನ ಉತ್ತರಿಸಬೇಕಾದವನು ಖಾತೆದಾರನು. ಅಳಿಯನ ಹೆಸರಿನಲ್ಲಿ ಮಾವನು ವ್ಯಾಪಾರ ಮಾಡಿದರೆ ಇಬ್ಬರಿಗೂ ಸಂಕಟ.

ಆದಕಾರಣ ಖಾತೆಯೂ ಸಂಖ್ಯೆಯೂ ಒಡೆಯನವೇ ಆಗಿರಲಿ. ಮುಂಜಾನೆ ಬಾಗಿಲು ತೆರೆದೊಡನೆ ಚೀಟಿಯನ್ನು ಸ್ಕ್ಯಾನ್ ಮಾಡಿ ತನ್ನ ಹೆಸರೇ ಬರುವದೋ ನೋಡಲಿ. ಅದರ ಮೇಲೆ ಪರರ ಚೀಟಿ ಕುಳಿತರೆ ದಿನದ ಗಳಿಕೆ ಪರರ ಪಾಲು. ಮೋಸವಾದರೆ ತಡಮಾಡದೆ 1930ಕ್ಕೆ ತಿಳಿಸಲಿ.

ಬ್ಯಾಂಕಿನ ಅಧಿಕಾರಿಗಳಿಗೂ ನಮ್ಮದೊಂದು ಸೂಚನೆ: ಸಹಿ ಪಡೆದು ಚೀಟಿ ಅಂಟಿಸಿದರೆ ಕರ್ತವ್ಯ ತೀರಲಿಲ್ಲ. ಈ ಮಾತುಗಳನ್ನು ತಿಳಿಗನ್ನಡದಲ್ಲಿ ವರ್ತಕನಿಗೆ ಮನಗಾಣಿಸಿದಾಗಲೇ ಅದು ತೀರುವದು.