ತೆರೆಯ ಮೇಲಿನ ಗಣಕ, ಪ್ರಯೋಗಾಲಯದ ಗಣಕ

ಹೊಸಪೇಟೆ: ಕಿರುತೆರೆಯ ವಿಜ್ಞಾನಿಯ ಮುಂದಿರುವ ಗಣಕಯಂತ್ರಕ್ಕೆ ಅಸಾಧ್ಯವೆಂಬುದೇ ಇಲ್ಲ. ಎರಡು ಕೀಲಿ ಒತ್ತಿದರೆ ಸಾಕು, ಪರದೆಯ ತುಂಬ ನೀಲಿ ಬೆಳಕು, ತಿರುಗುವ ಭೂಗೋಳ, ಬೀಪ್ ಸದ್ದು. ಮರುಕ್ಷಣವೇ ಅಪರಾಧಿಯ ಭಾವಚಿತ್ರ ಪ್ರತ್ಯಕ್ಷ! ನೈಜ ಪ್ರಯೋಗಾಲಯದ ಚಿತ್ರಣ ಬೇರೆಯೇ ಇದೆ.

2019ರ ಸೆಪ್ಟೆಂಬರ್ 7ರ ನಸುಕಿನಲ್ಲಿ ಅದರ ದರ್ಶನ ನಾಡಿಗೆಲ್ಲ ಆಯಿತು. ಚಂದ್ರಯಾನ-2ರ ಲ್ಯಾಂಡರ್ ಇಳಿಯುವಾಗ ಬೆಂಗಳೂರಿನ ಇಸ್ರೋ ಕೇಂದ್ರದ ಪರದೆಯಲ್ಲಿ ಕಂಡದ್ದು ನಿಗದಿತ ಪಥದ ಕೆಂಪು ಗೆರೆ ಮತ್ತು ಅದನ್ನು ಅನುಸರಿಸುತ್ತಿದ್ದ ಹಸಿರು ಚುಕ್ಕೆ. ಚುಕ್ಕೆ ಗೆರೆ ಬಿಟ್ಟು ಸರಿಯಿತು. ಚಂದ್ರನ ನೆಲದಿಂದ 2.1 ಕಿ.ಮೀ. ಎತ್ತರದವರೆಗೆ ಇದ್ದ ಸಂಪರ್ಕ ಕಡಿದುಹೋಯಿತು. ಯಾವ ಗಣಕವೂ ಕಾರಣವನ್ನು ಕೂಡಲೇ ಘೋಷಿಸಲಿಲ್ಲ. ಅಂಕಿಗಳನ್ನು ತಜ್ಞರೇ ಕುಳಿತು ಜಾಲಾಡಬೇಕಾಯಿತು. ಆ ಪಾಠದ ಫಲವೇ 2023ರ ಆಗಸ್ಟ್ 23ರ ಚಂದ್ರಯಾನ-3ರ ಯಶಸ್ಸು.

ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ 2022ರಲ್ಲಿ ಸ್ಥಾಪನೆಗೊಂಡ ‘ಪರಮ್ ಪ್ರವೇಗ’ ಮಹಾಗಣಕದ ಸಾಮರ್ಥ್ಯ 3.3 ಪೆಟಾಫ್ಲಾಪ್. ಅಂದರೆ ಸೆಕೆಂಡಿಗೆ ಸುಮಾರು 3,300 ಲಕ್ಷ ಕೋಟಿ ಲೆಕ್ಕ! ಆದರೆ ಇಂತಹ ಯಂತ್ರದ ಮುಂದೆ ಸಂಶೋಧಕರು ಕುಳಿತಿರುವುದಿಲ್ಲ. ದೂರದ ಸಾಧಾರಣ ಗಣಕದಿಂದ ಅಕ್ಷರಗಳಲ್ಲಿ ಆದೇಶ ಕಳುಹಿಸಿ, ಸರದಿಗಾಗಿ ಕಾಯುತ್ತಾರೆ. ಉತ್ತರ ಬಂದ ಮೇಲೂ ಅದು ಸರಿಯೇ ಎಂದು ಪರಿಶೀಲಿಸುತ್ತಾರೆ.

ನಮ್ಮ ಹಂಪಿಯದೂ ಇದೇ ಕಥೆ. ಕೇಂದ್ರ ವಿಜ್ಞಾನ ಮತ್ತು ತಂತ್ರಜ್ಞಾನ ಇಲಾಖೆಯ ನೆರವಿನ ಡಿಜಿಟಲ್ ಪರಂಪರೆ ಯೋಜನೆಯಲ್ಲಿ ಇಲ್ಲಿನ ಸ್ಮಾರಕಗಳ ಮೂರು ಆಯಾಮದ ಮಾದರಿಗಳು ರೂಪುಗೊಂಡವು. ತೆರೆಯ ಮೇಲೆ ಮಂಟಪ ಕ್ಷಣದಲ್ಲಿ ಎದ್ದು ನಿಲ್ಲುತ್ತದೆ. ಅದರ ಹಿಂದಿನ ಅಳತೆ, ಸ್ಕ್ಯಾನಿಂಗ್, ತಿದ್ದುಪಡಿಯ ದುಡಿಮೆ ನೋಡುಗನಿಗೆ ಕಾಣುವುದಿಲ್ಲ.

ಇದು ಕೇವಲ ಮನರಂಜನೆಯ ಪ್ರಶ್ನೆಯೇ? ಅಲ್ಲ. ಗಣಕ ಎಲ್ಲವನ್ನೂ ಬಲ್ಲದೆಂಬ ಭ್ರಮೆ ಬೇರೂರಿದರೆ, ವಿಧಿವಿಜ್ಞಾನ ವರದಿ ತಡವಾದಾಗ ಜನ ಶಂಕಿಸುತ್ತಾರೆ. ಯಂತ್ರವಿದೆಯೆಂದು ಮನುಷ್ಯ ಮೈಮರೆಯುತ್ತಾನೆ. 2024ರ ಆಗಸ್ಟ್ 10ರ ರಾತ್ರಿ ತುಂಗಭದ್ರಾ ಜಲಾಶಯದ 19ನೇ ಕ್ರೆಸ್ಟ್ ಗೇಟ್ ಸರಪಳಿ ತುಂಡಾಗಿ ಕೊಚ್ಚಿಹೋದದ್ದನ್ನು ಮರೆಯಲಾದೀತೇ? ನೀರಿನ ಮಟ್ಟದ ಅಂಕಿಗಳಲ್ಲಿ ಸರಪಳಿಯ ಸ್ಥಿತಿ ಕಾಣದು. ಅಳೆಯದೇ ಇದ್ದುದನ್ನು ಗಣಕ ಹೇಳಲಾರದು.

ವಿಶೇಷವೆಂದರೆ, ಈ ಭಾಗದ ಜನ ನಿಜವಾದ ವಿಜ್ಞಾನದ ಭಾಷೆಯನ್ನು ಬಲ್ಲವರು. ಪ್ರತಿ ಮಳೆಗಾಲ ಒಳಹರಿವು, ಹೊರಹರಿವಿನ ಕ್ಯುಸೆಕ್ ಲೆಕ್ಕ ಕಂಪ್ಲಿಯ ರೈತನ ನಾಲಿಗೆಯ ಮೇಲಿರುತ್ತದೆ. 1,633 ಅಡಿ ಎಂದರೆ ಜಲಾಶಯ ಭರ್ತಿ ಎಂಬುದು ಹೊಸಪೇಟೆಯ ಮಕ್ಕಳಿಗೂ ಗೊತ್ತು. ಹೊರಹರಿವು ಏರಿದರೆ ಕಂಪ್ಲಿ ಸೇತುವೆ, ಹಂಪಿಯ ಪುರಂದರ ಮಂಟಪ ಮುಳುಗುವುದನ್ನು ಅವರು ಆ ಅಂಕಿಗಳಿಂದಲೇ ಊಹಿಸುತ್ತಾರೆ. ಸಂಡೂರಿನ ನಂದಿಹಳ್ಳಿ ಸ್ನಾತಕೋತ್ತರ ಕೇಂದ್ರಕ್ಕೆ ವಿಜ್ಞಾನ ಕಲಿಯಲು ಹೋಗುವ ವಿದ್ಯಾರ್ಥಿಯೂ ಮೊದಲು ಕಲಿಯಬೇಕಾದದ್ದು ಇದನ್ನೇ. ಗಣಕ ಅಂಕಿ ಕೊಡುತ್ತದೆ, ಅರ್ಥ ಹಚ್ಚುವವನು ಮನುಷ್ಯ.