ಉಚಿತ ಸಂಗೀತ ಸಂಜೆಯ ಬಿಲ್ ಯಾರ ಹೆಸರಿಗೆ?

ಕಳೆದ ವರ್ಷ ತೊಕ್ಕೊಟ್ಟಿನ ಹತ್ತಿರದ ಮೈದಾನವೊಂದರಲ್ಲಿ ಸಂಗೀತ ಸಂಜೆ ಇತ್ತು. ಬ್ಯಾನರಿನಲ್ಲಿ ‘ಸರ್ವರಿಗೂ ಉಚಿತ ಪ್ರವೇಶ’ ಅಂತ ದಪ್ಪಕ್ಷರ. ಕೀಬೋರ್ಡ್ ನುಡಿಸಿದ್ದು ನಾವು ಮೂವರು. ಉಳಿದಿಬ್ಬರು ಚರ್ಚಿನ ಕೊಯರ್‌ನಲ್ಲಿ ಬೆಳೆದವರು, ಅವರದ್ದು ಗಾಸ್ಪೆಲ್. ನನ್ನದು ಯೂಟ್ಯೂಬ್ ನೋಡಿ ಕಲಿತ ಜಾಝ್. ಮದುವೆ ಹಾಲ್‌ನಲ್ಲಿ ನಾವು ನುಡಿಸುವಾಗ ಜನ ಊಟದ ಸಾಲು ನೋಡುತ್ತಿರುತ್ತಾರೆ. ಅವತ್ತು ಹಾಗಲ್ಲ. ಹೆದ್ದಾರಿಯ ಲಾರಿ ಸದ್ದಿನ ನಡುವೆಯೂ ಜನ ಕೂತು ಕೇಳಿದರು. ರಿಕ್ಷಾ ಬದಿಗೆ ನಿಲ್ಲಿಸಿ ಬಂದ ಒಬ್ಬರು, "ಇದು ಯಾವ ಸಿನಿಮಾದ್ದು ಮಾರಾಯ್ರೆ?" ಎಂದು ಕೇಳಿ, ಸಿನಿಮಾದ್ದಲ್ಲ ಎಂದಮೇಲೂ ಹೋಗಲಿಲ್ಲ. ನೂರು ರೂಪಾಯಿ ಟಿಕೆಟ್ ಇಟ್ಟಿದ್ದರೆ ಅವರು ಒಳಗೆ ಬರುತ್ತಿದ್ದರೇ?

ಕಾರ್ಯಕ್ರಮ ಮುಗಿದ ಮೇಲೆ ಶಾಮಿಯಾನದವರಿಗೆ, ಮೈಕ್‌ನವರಿಗೆ, ಜನರೇಟರ್‌ನವರಿಗೆ ಹಣ ಸಿಕ್ಕಿತು. ನಮಗೆ ಸಿಕ್ಕಿದ್ದು ಶಾಲು, ಸ್ಮರಣಿಕೆ, ಗೋಳಿಬಜೆ. "ನಿಮಗೂ ಒಂದು ವೇದಿಕೆ ಆಯಿತಲ್ಲ" ಎಂದರು ಸಂಘಟಕರು. ಕೀಬೋರ್ಡ್ ಸಾಗಿಸಿದ ರಿಕ್ಷಾ ಬಾಡಿಗೆ ನನ್ನ ಕಿಸೆಯಿಂದಲೇ ಹೋಯಿತು.

ನಾನು ಉಚಿತದ ವಿರೋಧಿ ಅಲ್ಲ. ನಮ್ಮ ಊರಿಗೆ ಉಚಿತ ಕಲೆ ಹೊಸದೂ ಅಲ್ಲ. ಹರಕೆ ಆಟಕ್ಕೆ ಟಿಕೆಟ್ ಉಂಟಾ? ಕಟೀಲು ಮೇಳಗಳ ಬಯಲಾಟಕ್ಕೆ ಜನ ವರ್ಷಗಟ್ಟಲೆ ಮೊದಲೇ ಬುಕ್ ಮಾಡಿ ಕಾಯುತ್ತಾರೆ. ನೋಡುವವರಿಗೆ ಉಚಿತ, ಆದರೆ ಆಡಿಸುವ ಮನೆಯವರು ಮೇಳಕ್ಕೆ ಹಣ ಕಟ್ಟಿರುತ್ತಾರೆ, ವೇಷಧಾರಿಗೆ ಸಂಬಳ ಹೋಗುತ್ತದೆ. ಭಾಗವತರಿಗೆ "ನಿಮಗೂ ಒಂದು ವೇದಿಕೆ ಆಯಿತಲ್ಲ" ಎಂದು ಹೇಳುವ ಧೈರ್ಯ ಈ ಜಿಲ್ಲೆಯಲ್ಲಿ ಯಾರಿಗೂ ಇಲ್ಲ. ಅದೇ ಮರ್ಯಾದೆ ಕೀಬೋರ್ಡಿನ ಹುಡುಗರಿಗೆ ಯಾಕಿಲ್ಲ?

ಗಾಸ್ಪೆಲ್ ಮತ್ತು ಜಾಝ್ ಹುಟ್ಟಿದ ಅಮೆರಿಕದಲ್ಲೂ ಈ ಜಗಳ ನಡೆದಿದೆ. ಗಾಸ್ಪೆಲ್‌ನ ಪಿತಾಮಹ ಎನಿಸಿಕೊಂಡ ಥಾಮಸ್ ಡಾರ್ಸಿ 1920ರ ದಶಕದಲ್ಲಿ ಮಾ ರೇನಿಯ ಬ್ಲೂಸ್ ತಂಡಕ್ಕೆ ಪಿಯಾನೋ ನುಡಿಸುತ್ತಿದ್ದವರು. ಅದೇ ಲಯವನ್ನು ಶಿಕಾಗೋದ ಚರ್ಚುಗಳಿಗೆ ತಂದಾಗ ಮೊದಮೊದಲು ಹಲವರು ಮುಖ ಸಿಂಡರಿಸಿದರು. 1935ರಲ್ಲಿ ಹ್ಯಾಮಂಡ್ ಆರ್ಗನ್ ಬಂತು. ದುಬಾರಿ ಪೈಪ್ ಆರ್ಗನ್ ಕೊಳ್ಳಲಾಗದ ಚರ್ಚುಗಳು ಅದನ್ನು ಕೊಂಡವು. 1950ರ ದಶಕದಲ್ಲಿ ಜಿಮ್ಮಿ ಸ್ಮಿತ್ ಅದನ್ನೇ ಜಾಝ್ ವಾದ್ಯ ಮಾಡಿದರು. (ನನ್ನ ಸೆಕೆಂಡ್‌ಹ್ಯಾಂಡ್ ಕೀಬೋರ್ಡಿನಲ್ಲೂ ಆ ಆರ್ಗನ್‌ನ ಟೋನ್ ಒಂದು ಬಟನ್‌ನಲ್ಲಿದೆ.)

ಆದರೆ ನನಗೆ ಮುಖ್ಯ ಎನಿಸಿದ್ದು ಇನ್ನೊಂದು ವಿಷಯ. ರೆಕಾರ್ಡುಗಳು ಬಂದು ನೇರ ಸಂಗೀತದ ಕೆಲಸ ಕಡಿಮೆಯಾದಾಗ ಅಲ್ಲಿನ ಸಂಗೀತಗಾರರ ಸಂಘ 1940ರ ದಶಕದಲ್ಲಿ ಎರಡು ಸಲ ರೆಕಾರ್ಡಿಂಗನ್ನೇ ನಿಲ್ಲಿಸಿತು. 1948ರಲ್ಲಿ ಒಂದು ನಿಧಿ ಹುಟ್ಟಿತು. ರೆಕಾರ್ಡ್ ಕಂಪನಿಗಳು ಅದಕ್ಕೆ ಹಣ ಹಾಕಬೇಕು. ಪಾರ್ಕು, ಶಾಲೆ, ಆಸ್ಪತ್ರೆಗಳಲ್ಲಿ ಜನರಿಗೆ ಉಚಿತವಾಗಿ ನುಡಿಸುವವರಿಗೆ ಆ ನಿಧಿಯಿಂದ ಸಂಭಾವನೆ. ಅಂದರೆ ಕೇಳುಗ ಕೊಡಬೇಕಾಗಿಲ್ಲ, ಆದರೆ ಯಾರೋ ಒಬ್ಬರು ಕೊಡಲೇಬೇಕು.

ನಮ್ಮಲ್ಲಿ ಯಾರು ಕೊಡಬಹುದು? ಬೆಂಗಳೂರಿನಲ್ಲಿ 1996ರಿಂದ ಸ್ವಾತಂತ್ರ್ಯ ದಿನದ ಆಸುಪಾಸಿನಲ್ಲಿ ‘ಫ್ರೀಡಂ ಜ್ಯಾಮ್’ ಉಚಿತವಾಗಿ ನಡೆದು ಬಂದಿದೆ. ಅದು ದೊಡ್ಡ ಊರು, ಅಲ್ಲಿನ ಲೆಕ್ಕ ಬೇರೆ. ಮಂಗಳೂರಿನಲ್ಲೇ ಶಕ್ತಿನಗರದ ಕಲಾಂಗಣದಲ್ಲಿ ಮಾಂಡ್ ಸೊಭಾಣ್ 2002ರಿಂದ ಪ್ರತಿ ತಿಂಗಳ ಮೊದಲ ಭಾನುವಾರ ಕಾರ್ಯಕ್ರಮ ಮಾಡುತ್ತಾ ಇನ್ನೂರು ದಾಟಿಸಿದೆ. ದಿನ ಗೊತ್ತಿದ್ದರೆ ಜನ ಬರುತ್ತಾರೆ, ದಾನಿಗಳನ್ನು ಕೇಳುವುದೂ ಸುಲಭ. ತೊಕ್ಕೊಟ್ಟು ಇರುವುದು ಉಳ್ಳಾಲ ನಗರಸಭೆಯಲ್ಲಿ. ಉಳ್ಳಾಲದಲ್ಲಿ ಸರ್ಕಾರದ ಹಣದಲ್ಲಿ ಅಬ್ಬಕ್ಕ ಉತ್ಸವ ನಡೆಯುತ್ತದೆ. ಅದರಲ್ಲಿ ಊರಿನ ಕೀಬೋರ್ಡ್, ಗಿಟಾರ್ ಹುಡುಗರಿಗೆ ಒಂದು ಗಂಟೆ ಕೊಟ್ಟು, ಸಂಭಾವನೆಯನ್ನು ಬಜೆಟ್‌ನಲ್ಲೇ ಬರೆದರೆ ಖಜಾನೆ ಬರಿದಾಗಲಿಕ್ಕಿಲ್ಲ. ಉದ್ದಿಮೆದಾರರು ಪ್ರಾಯೋಜಿಸುವುದಾದರೆ ಫ್ಲೆಕ್ಸ್‌ಗೆ ಕೊಡುವುದರಲ್ಲಿ ಸ್ವಲ್ಪ ಬೆರಳುಗಳಿಗೂ ಕೊಡಲಿ.

"ಹಣ ಕೇಳಿದರೆ ಮುಂದಿನ ಸಲ ಕರೆಯುವುದಿಲ್ಲ" ಎನ್ನುವ ಹೆದರಿಕೆ ನಮ್ಮಲ್ಲಿದೆ. ಹೌದು, ಕರೆಯದೆಯೂ ಇರಬಹುದು. ಆ ಸಂಜೆ ನನ್ನ ಜೊತೆ ನುಡಿಸಿದವರಲ್ಲಿ ಒಬ್ಬ ಈಗ ಕೀಬೋರ್ಡ್ ಮಾರಿ ಡೆಲಿವರಿ ಕೆಲಸಕ್ಕೆ ಸೇರಿದ್ದಾನೆ. ನಮ್ಮ ಮೂವರಲ್ಲಿ ಚೆನ್ನಾಗಿ ನುಡಿಸುತ್ತಿದ್ದವನು ಅವನೇ.

ಈ ಡಿಸೆಂಬರ್‌ನ ಒಂದು ಉಚಿತ ಕಾರ್ಯಕ್ರಮಕ್ಕೆ ಮೊನ್ನೆ ನನಗೆ ಕರೆ ಬಂತು. "ಕೀಬೋರ್ಡಿನವರಿಗೆ ಎಷ್ಟು ಇಟ್ಟಿದ್ದೀರಿ?" ಎಂದು ಮೆಸೇಜ್ ಹಾಕಿದ್ದೇನೆ. ಎರಡು ನೀಲಿ ಗೆರೆ ಬಿದ್ದು ನಾಲ್ಕು ದಿನ ಆಯಿತು. ಉತ್ತರ ಇನ್ನೂ ಬಂದಿಲ್ಲ.